ಫೀಸು ಕಟ್ಟಿದ ಮೇಲೂ ಉಳಿಯುವ ಬಾಕಿ: ಅಮೆರಿಕದ ಕಪ್ಪು ಜನರ ಕಾಲೇಜುಗಳೂ ವಿದ್ಯಾರ್ಥಿವೇತನವೂ

1935ರಲ್ಲಿ ಮೇರಿಲ್ಯಾಂಡ್ ಸರ್ಕಾರ ಕಪ್ಪು ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆಂದು 10,000 ಡಾಲರ್ ತೆಗೆದಿಟ್ಟಿತು. ತಲಾ 200 ಡಾಲರ್. ಆದರೆ ಓದು ರಾಜ್ಯದ ಹೊರಗೇ ಆಗಬೇಕು. ಔದಾರ್ಯದಂತೆ ಕಾಣುವ ಈ ಏರ್ಪಾಟಿನ ಉದ್ದೇಶ, ಬಿಳಿಯರ ವಿಶ್ವವಿದ್ಯಾಲಯಕ್ಕೆ ಕಪ್ಪು ಹುಡುಗರು ಕಾಲಿಡದಂತೆ ನೋಡಿಕೊಳ್ಳುವುದು. ಹಣ ಬೋಧನಾ ಶುಲ್ಕಕ್ಕಷ್ಟೇ. ಊಟ, ಬಾಡಿಗೆ, ರೈಲು ಚಾರ್ಜು ಓದುವವನ ಪಾಲಿಗೆ. ಕಾನೂನು ಕಾಲೇಜಿಗೆ ಸೀಟು ಕೇಳಿದ್ದ ಡೊನಾಲ್ಡ್ ಮರ್ರಿಯ ಪರವಾಗಿ ಕಪ್ಪು ವಕೀಲರಾದ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್, ಥರ್ಗುಡ್ ಮಾರ್ಷಲ್ ವಾದಿಸಿ 1936ರಲ್ಲಿ ಗೆದ್ದರು. 1938ರಲ್ಲಿ ಮಿಸ್ಸೌರಿಯ ಗೇನ್ಸ್ ಪ್ರಕರಣದಲ್ಲಿ, ಹೊರರಾಜ್ಯದ ಫೀಸು ಕೊಟ್ಟ ಮಾತ್ರಕ್ಕೆ ಸಮಾನತೆ ಆಗದು ಎಂದು ಸುಪ್ರೀಂ ಕೋರ್ಟೇ ಹೇಳಿತು.

ಕಪ್ಪು ಜನರ ಕಾಲೇಜುಗಳ ಪಾಡು ಬೇರೆಯೇ ಇತ್ತು. ಒಂದೊಂದೂ ಉತ್ತರದ ರಾಜ್ಯಗಳ ಅದೇ ದಾನಿಗಳ ಮನೆ ಬಾಗಿಲಿಗೆ ಹೋಗಿ ಕೈಚಾಚುತ್ತಿತ್ತು. ಒಟ್ಟಾಗಿ ಕೇಳೋಣ ಎಂದು ಟಸ್ಕೀಗಿ ಕಾಲೇಜಿನ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ 1943ರಲ್ಲಿ ಪತ್ರಿಕೆಯಲ್ಲಿ ಬರೆದರು. 1944ರ ಏಪ್ರಿಲ್ 25ರಂದು 27 ಕಾಲೇಜುಗಳ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಹುಟ್ಟಿತು. ಈ ನಿಧಿಯ ಸದಸ್ಯತ್ವ ಖಾಸಗಿ ಕಾಲೇಜುಗಳಿಗೆ ಮಾತ್ರ. ಸರ್ಕಾರಿ ಕಾಲೇಜುಗಳಿಗಾಗಿ ಥರ್ಗುಡ್ ಮಾರ್ಷಲ್ ನಿಧಿ ಬಂದದ್ದು 1987ರಲ್ಲಿ. ಇಂದಿಗೂ ಅರ್ಜಿ ಹಾಕುವ ಮುನ್ನ ಅರ್ಹ ಕಾಲೇಜುಗಳ ಪಟ್ಟಿ ನೋಡಲೇಬೇಕು. ಹೆಸರು ಕೇಳಿ ಹಾಕಿದರೆ ಶ್ರಮ ವ್ಯರ್ಥ.

ಊಟ-ವಸತಿಯನ್ನೂ ಲೆಕ್ಕಕ್ಕೆ ಹಿಡಿದ ಯೋಜನೆಗಳು ಅಪರೂಪ. ಕೇಂದ್ರದ ಕೃಷಿ ಇಲಾಖೆ 1992ರಲ್ಲಿ ತಂದ 1890 ಸ್ಕಾಲರ್ಸ್ ಅಂಥದ್ದು. 1890ರ ಮೊರಿಲ್ ಕಾಯ್ದೆಯಡಿ ನೆರವು ಪಡೆಯುವ, ಕಪ್ಪು ಜನರ 19 ಕಾಲೇಜುಗಳಲ್ಲಿ ಕೃಷಿ, ಆಹಾರ ಮುಂತಾದ ವಿಷಯ ಓದುವವರಿಗೆ ಫೀಸು, ಪುಸ್ತಕ, ಊಟ, ವಸತಿ ಎಲ್ಲ. ನೆರವು ಪಡೆದ ಪ್ರತಿ ವರ್ಷಕ್ಕೆ ಒಂದು ವರ್ಷ ಇಲಾಖೆಯಲ್ಲಿ ದುಡಿಯಬೇಕು. ಇದನ್ನೂ 2025ರ ಫೆಬ್ರುವರಿಯಲ್ಲಿ ತಡೆಹಿಡಿದು, ಟೀಕೆ ಬಂದ ಮೇಲೆ ಮತ್ತೆ ತೆರೆದರು.

ಉಳಿದವರ ಲೆಕ್ಕ ಹೀಗೆ. ವರ್ಷದ ಒಟ್ಟು ಖರ್ಚು 40,000 ಡಾಲರ್ ಎಂದಿಟ್ಟುಕೊಳ್ಳಿ. ಬಡ ಕುಟುಂಬಕ್ಕೆ ಸಿಗುವ ಕೇಂದ್ರದ ಪೆಲ್ ಅನುದಾನ ಗರಿಷ್ಠ 7,395. ಕಾಲೇಜಿನದು 12,000 ಸಿಕ್ಕಿತು. ಮೊದಲ ವರ್ಷದ ವಿದ್ಯಾರ್ಥಿ ಸಾಲ 5,500. ಇನ್ನೂ 15,105 ಬಾಕಿ. ಸಾಮಾನ್ಯವಾಗಿ ಇದನ್ನು ತುಂಬುವುದು ಪೇರೆಂಟ್ ಪ್ಲಸ್ ಎಂಬ, ತಂದೆತಾಯಿ ಹೆಸರಿನ ಸಾಲ. 2011ರ ಅಕ್ಟೋಬರಿನಲ್ಲಿ ಇದರ ಕ್ರೆಡಿಟ್ ತಪಾಸಣೆ ಬಿಗಿಯಾಗಿ, ಐದು ವರ್ಷ ಹಿಂದಿನ ವಸೂಲಾಗದ ಬಾಕಿಯನ್ನೂ ಕೆದಕತೊಡಗಿದಾಗ, ಕಪ್ಪು ಜನರ ಕಾಲೇಜುಗಳ ಸಾವಿರಾರು ಮಕ್ಕಳ ಓದು ನಡುವೆಯೇ ಕಡಿದುಹೋಯಿತು. 2015ರಲ್ಲಿ ನಿಯಮ ಸಡಿಲವಾಯಿತು: ಎರಡು ವರ್ಷದೊಳಗಿನ, 2,085 ಡಾಲರ್ ಮೀರಿದ ಬಾಕಿಯಷ್ಟೇ ಗಣನೆಗೆ. 2026ರ ಜುಲೈನಿಂದ ಹೊಸ ಮಿತಿ: ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000.

ಇನ್ನೊಂದು ಹೊಡೆತ ಒಳಗಿನಿಂದಲೇ ಬರುತ್ತದೆ. ಹೊರಗಿನ ಸಂಸ್ಥೆಯಿಂದ 3,000 ಗೆದ್ದು ತಂದರೆ, ಕಾಲೇಜು ತನ್ನ ನೆರವಿನಲ್ಲಿ ಅಷ್ಟನ್ನೇ ಕಡಿತ ಮಾಡಬಹುದು. ಗೆದ್ದವನ ಬಾಕಿ ಇದ್ದಷ್ಟೇ. ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಮೊದಲು ಕಡಿವಾಣ ಹಾಕಿದ್ದು ಮೇರಿಲ್ಯಾಂಡ್, 2017ರಲ್ಲಿ. ಬೇರೆಡೆ ಓದುವವರು, ಹೊರಗಿನ ಹಣ ಬಂದರೆ ಮೊದಲು ಸಾಲ ಇಳಿಸುತ್ತೀರಾ, ಅನುದಾನ ಇಳಿಸುತ್ತೀರಾ ಎಂದು ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಫಾಫ್ಸಾ ಎಂಬ, ಕೇಂದ್ರದ ನೆರವು ಕೋರುವ ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಪೇರೆಂಟ್ ಪ್ಲಸ್ ತಿರಸ್ಕೃತವಾದರೆ ಮೊದಲೆರಡು ವರ್ಷ ವಿದ್ಯಾರ್ಥಿಯೇ ತನ್ನ ಹೆಸರಿನಲ್ಲಿ ಇನ್ನೂ 4,000 ಸಾಲ ಪಡೆಯಬಹುದು. ತಿರಸ್ಕಾರದ ಪತ್ರ ಬಂದ ದಿನವೇ ಹಣಕಾಸು ನೆರವಿನ ಕಚೇರಿಗೆ ಹೋಗಿ ಕೇಳಬೇಕು. ಮೇಲಿನ ಲೆಕ್ಕದಲ್ಲಿ ಆಗಲೂ 11,105 ಡಾಲರ್ ಬಾಕಿಯೇ.