ವಾರಕ್ಕೊಂದು ಮಾತ್ರೆಯ ಲೆಕ್ಕ

ಗರ್ಭನಿರೋಧಕ ಬಳಸುವವರ ಪ್ರಮಾಣ ಏರಿದರೆ ಹಳ್ಳಿಯ ಹೆಣ್ಣುಮಕ್ಕಳ ಸಬಲೀಕರಣವೂ ಆಯಿತು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅಂಕಿ ಬಿಡಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 37.9ರಷ್ಟು ಮಂದಿ ಸಂತಾನಹರಣದ ‘ಆಪರೇಷನ್’ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಶೇ. 0.3. ಕರ್ನಾಟಕದಲ್ಲಂತೂ ಹೆಂಗಸರ ಪಾಲು ಅರ್ಧವನ್ನೂ ದಾಟಿದೆ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಮೂವತ್ತು ತುಂಬುವ ಮೊದಲೇ ಆಪರೇಷನ್. ಮುಂದಿನ ಮಗು ಯಾವಾಗ ಎಂದು ಅವಳನ್ನು ಯಾರೂ ಕೇಳಿರದಿದ್ದರೂ ಸಮೀಕ್ಷೆಯ ಕೋಷ್ಟಕದಲ್ಲಿ ಅವಳು ‘ಆಧುನಿಕ ವಿಧಾನ’ ಬಳಸುವವಳೇ.

ಹಾಗಾಗಿ ಕೇಳಬೇಕಾದದ್ದು ಬೇರೆ: ಶುರು ಮಾಡುವುದೂ ನಿಲ್ಲಿಸುವುದೂ ಅವಳ ಕೈಯಲ್ಲಿದೆಯೇ? ಈ ಅಳತೆಗೆ ಚೆನ್ನಾಗಿ ಹೊಂದುವ ಒಂದು ಮದ್ದು ನಮ್ಮಲ್ಲೇ ಹುಟ್ಟಿದ್ದು, ಆದರೂ ಅದರ ಬಗ್ಗೆ ಮಾತು ಕಡಿಮೆ. ಲಖನೌದಲ್ಲಿ ನವಾಬರ ಛತ್ತರ್ ಮಂಜಿಲ್ ಅರಮನೆಯೊಳಗಿದ್ದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ನಿತ್ಯ ಆನಂದ್ ಮತ್ತು ಸಂಗಡಿಗರು ರೂಪಿಸಿದ, ವಾರಕ್ಕೊಂದು ನುಂಗುವ ಗರ್ಭನಿರೋಧಕ ಮಾತ್ರೆ ಆರ್ಮೆಲಾಕ್ಸಿಫೀನ್ ಅದು. 1991ರಲ್ಲಿ ‘ಸಹೇಲಿ’ ಎಂದು ಮಾರುಕಟ್ಟೆಗೆ ಬಂತು. ಸರ್ಕಾರಿ ಕಾರ್ಯಕ್ರಮಕ್ಕೆ ‘ಛಾಯಾ’ ಎಂಬ ಹೆಸರಿನಲ್ಲಿ ಸೇರಲು ಇನ್ನೂ ಕಾಲು ಶತಮಾನ ಹಿಡಿಯಿತು. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತೆಂಬುದನ್ನು ನೆನೆದರೆ ಈ ನಿಧಾನಗತಿ ಇನ್ನಷ್ಟು ಬೇಸರ ತರಿಸುತ್ತದೆ.

ಛಾಯಾದಲ್ಲಿ ಹಾರ್ಮೋನು ಇಲ್ಲ. ಅಂಡಾಣು ಬಿಡುಗಡೆಯಾಗುವುದನ್ನು ಅದು ತಡೆಯುವುದೂ ಇಲ್ಲ. ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜೆನ್ ಬಂದು ಕೂರುವ ಜಾಗವನ್ನು ಹಿಡಿದು, ಆ ಪದರ ಸಿದ್ಧವಾಗುವುದನ್ನು ತಡಮಾಡುತ್ತದೆ. ಜೊತೆಗೆ ಅಂಡನಾಳದಲ್ಲಿ ಅಂಡದ ಪಯಣವನ್ನು ತುಸು ಚುರುಕುಗೊಳಿಸುತ್ತದೆ. ದಿಬ್ಬಣ ಮೊದಲೇ ಬಂದಿಳಿದಿದೆ, ಚಪ್ಪರ ಇನ್ನೂ ಹಾಕಿಲ್ಲ. ಭ್ರೂಣಕ್ಕೆ ನೆಲೆಯೂರಲು ಆಗುವುದಿಲ್ಲ.

ವಾರಕ್ಕೊಂದೇ ಮಾತ್ರೆ ಹೇಗೆ ಸಾಕು? ಈ ಔಷಧದ ಪ್ರಮಾಣ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಒಂದು ಮಾತ್ರೆ 30 ಮಿಲಿಗ್ರಾಂ. ಮೊದಲಿನಿಂದಲೇ ವಾರಕ್ಕೊಂದು ನುಂಗಿದರೆ ಎರಡನೇ ವಾರ 15ಕ್ಕೆ 30 ಸೇರಿ 45, ಮೂರನೇ ವಾರ 52ರ ಹತ್ತಿರ, ಹೀಗೆ ತೆವಳುತ್ತ 60ರ ಸಮೀಪ ಬರಲು ತಿಂಗಳೇ ಕಳೆಯುತ್ತದೆ. ಅಷ್ಟರಲ್ಲಿ ಗರ್ಭ ನಿಂತಿರಬಹುದು. ಅದಕ್ಕೇ ಮೊದಲ 3 ತಿಂಗಳು ವಾರಕ್ಕೆರಡು. ಮುಟ್ಟಾದ ಮೊದಲ ದಿನ ಭಾನುವಾರವಾದರೆ ಅಂದು ಒಂದು, ಬುಧವಾರ ಇನ್ನೊಂದು. ಮರು ಭಾನುವಾರದ ಮಾತ್ರೆ ನುಂಗುವಷ್ಟರಲ್ಲಿ ಮೈಯಲ್ಲಿ ಸುಮಾರು 65 ಮಿಲಿಗ್ರಾಂ ಇರುತ್ತದೆ. ನಾಲ್ಕನೇ ತಿಂಗಳಿನಿಂದ ಭಾನುವಾರ ಮಾತ್ರ ಸಾಕು, ಮಟ್ಟ ಕ್ರಮೇಣ 60 ಮತ್ತು 30ರ ನಡುವಿನ ಏರಿಳಿತಕ್ಕೆ ಬಂದು ನಿಲ್ಲುತ್ತದೆ. ಇದು ಒರಟು ಲೆಕ್ಕವೇ ಸರಿ, ಆದರೆ ಮಾತ್ರೆ ಮರೆತಾಗ ಏನು ಮಾಡಬೇಕೆಂಬುದೂ ಇದರೊಳಗೇ ಇದೆ. ಒಂದೆರಡು ದಿನ ತಡವಾದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ, ಮಾಮೂಲಿ ವಾರ ಮುಂದುವರಿಸಬಹುದು. ತಡ 7 ದಿನ ದಾಟಿತೆಂದರೆ ಕೊನೆಯ ಮಾತ್ರೆಗೆ 14 ದಿನವಾಯಿತು, 60 ಇದ್ದದ್ದು 15ಕ್ಕೆ ಇಳಿದಿದೆ. ಆಗ ಹೊಸಬಳಂತೆ ವಾರಕ್ಕೆರಡರಿಂದಲೇ ಶುರು ಮಾಡಬೇಕು.

ಹೆಚ್ಚಾಗಿ ಆಗುವ ತಪ್ಪು ಬೇರೆಯದೇ. ದಿನಕ್ಕೊಂದು ನುಂಗುವ ಹಾರ್ಮೋನು ಮಾತ್ರೆ ಮಾಲಾ-ಎನ್ ಅಭ್ಯಾಸವಿದ್ದವರು ಮುಟ್ಟನ್ನು ನೋಡಿ ದಿನ ಎಣಿಸುತ್ತಾರೆ. ಛಾಯಾಕ್ಕೆ ವಾರದ ದಿನವಷ್ಟೇ ಲೆಕ್ಕ, ಮುಟ್ಟು ಬರಲಿ ಬಿಡಲಿ. ಕೆಲವರಿಗೆ ಮುಟ್ಟು ಮುಂದೆ ಹೋಗುತ್ತದೆ. 15 ದಿನ ಮೀರಿದರೆ ಗರ್ಭ ಪರೀಕ್ಷೆ ಮಾಡಿಸಬೇಕು. ಎದೆಹಾಲು ಉಣಿಸುವವರು ಇದನ್ನು ತೆಗೆದುಕೊಳ್ಳಬಹುದು. ಈಚೆಗೆ ಕಾಮಾಲೆಯಾದವರಿಗೆ, ಪಿತ್ತಜನಕಾಂಗ–ಮೂತ್ರಪಿಂಡದ ತೊಂದರೆಯಿರುವವರಿಗೆ, ಅಂಡಾಶಯದಲ್ಲಿ ನೀರುಗುಳ್ಳೆ ಇರುವವರಿಗೆ ಬೇಡ.

ಇನ್ನು ‘ಅಂತರಾ’ ಚುಚ್ಚುಮದ್ದು: 150 ಮಿಲಿಗ್ರಾಂ, 3 ತಿಂಗಳಿಗೊಮ್ಮೆ, ಮನೆಯಲ್ಲಿ ಬಚ್ಚಿಡಬೇಕಾದ ಮಾತ್ರೆಪಟ್ಟಿಯೇ ಇಲ್ಲ. ಚುಚ್ಚಿದ ಜಾಗ ಉಜ್ಜಬಾರದು, ಶಾಖ ಕೊಡಬಾರದು. ಹಾಗೆ ಮಾಡಿದರೆ ಔಷಧ ಬೇಗ ಕರಗಿಹೋಗುತ್ತದೆ. ಮೊದಮೊದಲು ಅಕಾಲದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ, ಆಮೇಲೆ ಮುಟ್ಟೇ ನಿಲ್ಲಬಹುದು. ‘ಕೆಟ್ಟ ರಕ್ತ ಹೊಟ್ಟೆಯಲ್ಲೇ ಉಳಿಯಿತು’ ಎಂಬ ಗಾಬರಿ ಹುಟ್ಟುವುದು ಇಲ್ಲೇ. ಎಲ್ಲೂ ಏನೂ ಉಳಿದಿರುವುದಿಲ್ಲ. ಒಳಪದರ ದಪ್ಪಗೆ ಬೆಳೆದರೆ ತಾನೆ ಉದುರುವುದು? ಬೆಳೆದೇ ಇಲ್ಲ. ಆದರೆ ಮುಟ್ಟಾದವಳು ಹೊರಗೆ ಕೂರುವ ಮನೆಯಲ್ಲಿ ಅಕಾಲದ ಒಂದು ಹನಿಯೂ ಅತ್ತೆಗೆ, ಓರಗಿತ್ತಿಗೆ ಸುದ್ದಿ. ಗುಟ್ಟಾಗಿ ತೆಗೆದುಕೊಳ್ಳಬಹುದಾದ ಚುಚ್ಚುಮದ್ದಿನ ಗುಟ್ಟು ಅಲ್ಲಿ ರಟ್ಟಾಗುತ್ತದೆ. ಮದ್ದಿನ ಅಡ್ಡಪರಿಣಾಮ ಎಷ್ಟು ಭಾರ ಎಂಬುದನ್ನು ಮನೆಯ ಮಡಿ–ಮೈಲಿಗೆಯೂ ತೀರ್ಮಾನಿಸುತ್ತದೆಂಬುದು ಕೈಪಿಡಿಗಳಲ್ಲಿ ಸಿಗದು. ಇನ್ನೊಂದು ಎಚ್ಚರಿಕೆ: ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ಇದನ್ನು ಮೊದಲೇ ಹೇಳದಿದ್ದರೆ ‘ಸೂಜಿಯಿಂದ ಬಂಜೆಯಾದಳು’ ಎಂಬ ಸುಳ್ಳಿಗೆ ದಾರಿ.

ಗರ್ಭಕೋಶದೊಳಗೆ ಇಡುವ ವಂಕಿಯ ವಿಷಯ ಸರಳ. ಕಾಪರ್-ಟಿ 380ಎ 10 ವರ್ಷ ಬರುತ್ತದೆ, ಹೆರಿಗೆಯಾದ 48 ಗಂಟೆಯೊಳಗೂ ಹಾಕಬಹುದು. ಎದೆಗೇರುತ್ತದೆ ಎಂಬ ಭಯ ಬೇಡ, ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಆದರೆ ತೆಗೆಸಲು ಇನ್ನೊಬ್ಬರ ಕೈ ಬೇಕು. ತೆಗೆಯಿರಿ ಎಂದು ಬಂದವಳನ್ನು ‘ಇನ್ನೊಂದು ವರ್ಷ ಇರಲಿ’ ಎಂದು ವಾಪಸು ಕಳಿಸುವ ಕೇಂದ್ರದಲ್ಲಿ ಅದು ಅವಳ ಹಿಡಿತದ ಸಾಧನವಾಗಿ ಉಳಿಯುವುದಿಲ್ಲ.

ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕು ಎಂದು ಬಹಳ ಮಂದಿ ನಂಬಿದ್ದಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಹಾಗಿಲ್ಲ. ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು, ಸಂಗಾತಿಯ ಸಹಿ ಅಗತ್ಯವಿಲ್ಲ. ಮಾತ್ರೆಗಾಗಲಿ ಚುಚ್ಚುಮದ್ದಿಗಾಗಲಿ ಅಂಥದ್ದನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ.