ಫೈಲ್ ಕಾಪಿ ಆಗುವಾಗ ಪ್ರೊಸೆಸರ್ ಏಕೆ ದಣಿಯುತ್ತದೆ: ಪಿಐಒ, ಡಿಎಂಎ ಟಿಪ್ಪಣಿ

ನನ್ನ ಚಿಕ್ಕಪ್ಪನ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿದ ಹಳೆಯ ಕಂಪ್ಯೂಟರ್ ಒಂದಿದೆ. ಹಳೆಯ ಕನ್ನಡ ಫಾಂಟ್‌ಗಳಲ್ಲಿ ಮಾಡಿದ ಪೇಜ್‌ಮೇಕರ್ ಫೈಲ್‌ಗಳು ಅದರಲ್ಲೇ ಸರಿಯಾಗಿ ತೆರೆದುಕೊಳ್ಳುತ್ತವೆಂದು ಅದನ್ನು ಉಳಿಸಿಕೊಂಡಿದ್ದಾರೆ. ಅದರ ಒಂದು ಹಾರ್ಡ್ ಡಿಸ್ಕ್‌ನಿಂದ ಇನ್ನೊಂದಕ್ಕೆ ಬ್ಯಾಕಪ್ ತೆಗೆಯಲು ಕುಳಿತರೆ ಮೌಸ್ ಕೂಡ ತಡೆತಡೆದು ಚಲಿಸುತ್ತಿತ್ತು. 700 ಎಂಬಿಯ ಫೋಲ್ಡರ್‌ಗೆ ಐದು ನಿಮಿಷ ಹಿಡಿಯುತ್ತಿತ್ತು. ಈ ಗಂಟು ಬಿಡಿಸಲು ನನಗೆ ಎರಡು ವಾರ ಬೇಕಾಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಲೆಕ್ಕಕ್ಕೆ ಸಿಗದ ಶೇಕಡಾ

ಟಾಸ್ಕ್ ಮ್ಯಾನೇಜರ್ ತೆರೆದಾಗ ಯಾವುದಾದರೂ ಪ್ರೋಗ್ರಾಂ ಪ್ರೊಸೆಸರನ್ನು ನುಂಗುತ್ತಿರುವುದು ಕಂಡರೆ ಕೆಲಸ ಸುಲಭ. ಹೆಚ್ಚಾಗಿ ಅದು ಪ್ರತಿ ಫೈಲನ್ನೂ ತೆರೆದು ನೋಡುವ ಆಂಟಿವೈರಸ್ ಆಗಿರುತ್ತದೆ. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕ್ ಬಳಸುವಾಗ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಆಗಿರಬಹುದು. ನನಗೆ ಅಂಥದ್ದೇನೂ ಕಾಣಲಿಲ್ಲ. ಪ್ರೊಸೆಸ್ ಪಟ್ಟಿಯ ತುದಿಯಲ್ಲಿ ಸಿಸ್ಟಂ ಐಡಲ್ ಪ್ರೊಸೆಸ್ ನಿಂತಿತ್ತು. ಅಂದರೆ ಪ್ರೊಸೆಸರ್ ಬಿಡುವಾಗಿದೆ ಎಂಬ ಅರ್ಥ. ಆದರೆ ಕಂಪ್ಯೂಟರ್ ಅಲುಗಾಡುತ್ತಿರಲಿಲ್ಲ.

ಎಕ್ಸ್‌ಪಿಯ ಟಾಸ್ಕ್ ಮ್ಯಾನೇಜರ್, ‘ಇತ್ತ ಗಮನ ಕೊಡು’ ಎಂದು ಹಾರ್ಡ್‌ವೇರ್ ಪ್ರೊಸೆಸರನ್ನು ತಡೆದು ಕರೆಯುವ ಇಂಟರಪ್ಟ್‌ಗಳಿಗೆ ಹೋದ ಸಮಯವನ್ನು ಯಾವ ಪ್ರೋಗ್ರಾಂನ ಖಾತೆಗೂ ಹಾಕುವುದಿಲ್ಲ, ಐಡಲ್ ಲೆಕ್ಕದಲ್ಲಿ ಸೇರಿಸಿಬಿಡುತ್ತದೆ. ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ಉಚಿತ ಸಾಧನ ಅದನ್ನು ಬೇರೆ ಸಾಲಿನಲ್ಲಿ ತೋರಿಸುತ್ತದೆ. ಅಲ್ಲಿ ಹಾರ್ಡ್‌ವೇರ್ ಇಂಟರಪ್ಟ್ಸ್ ಎಂಬ ಸಾಲು ಶೇಕಡಾ 80ರ ಆಸುಪಾಸಿನಲ್ಲಿತ್ತು. ನನಗೆ ಮೊದಲ ಸುಳಿವು ಸಿಕ್ಕಿದ್ದು ಅಲ್ಲಿಯೇ.

ಪಿಐಒ: ನಾನು ಎಡವಿದ್ದು ಇಲ್ಲಿ

ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್ ಡಿಸ್ಕ್ ಜೋಡಿಸಿರುವ ಐಡಿಇ ಚಾನೆಲ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ಅಡ್ವಾನ್ಸ್‌ಡ್ ಸೆಟಿಂಗ್ಸ್‌ನಲ್ಲಿ ನೋಡಿದರೆ ಈಗಿನ ಮೋಡ್ ‘ಪಿಐಒ’ (ಪ್ರೋಗ್ರಾಮ್ಡ್ ಇನ್‌ಪುಟ್/ಔಟ್‌ಪುಟ್) ಎಂದಿತ್ತು. ಅದು ನಿಧಾನ ಎಂದು ಗೊತ್ತಿತ್ತು. ಆದರೆ ಡಿಸ್ಕ್ ನಿಧಾನವಾದರೆ ಪ್ರೊಸೆಸರ್ ಸುಮ್ಮನೆ ಕಾಯಬೇಕಲ್ಲವೇ, ದಣಿಯುವುದೇಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಉತ್ತರ ಇದು: ಪಿಐಒದಲ್ಲಿ ಡಿಸ್ಕ್‌ನ ದತ್ತಾಂಶವನ್ನು ಪ್ರೊಸೆಸರೇ ಹೊರಬೇಕು. ಒಂದು ಸಲಕ್ಕೆ 16 ಬಿಟ್, ಅಂದರೆ ಎರಡೇ ಬೈಟ್. 512 ಬೈಟ್‌ಗಳ ಒಂದು ಸೆಕ್ಟರ್‌ಗೆ 256 ಸಲ. ನಮ್ಮ 700 ಎಂಬಿ ಫೋಲ್ಡರನ್ನು ಓದಲು ಸುಮಾರು 36 ಕೋಟಿ 70 ಲಕ್ಷ ಸಲ. ಪ್ರತಿ ಸಲವೂ ಡಿಸ್ಕ್ ಕೈನೀಡುವವರೆಗೆ ಪ್ರೊಸೆಸರ್ ಅಲ್ಲಿಯೇ ನಿಂತಿರಬೇಕು. ಅತಿ ವೇಗದ ಪಿಐಒ ಮೋಡ್ 4ರಲ್ಲೂ ಒಂದು ಸಲಕ್ಕೆ 120 ನ್ಯಾನೋಸೆಕೆಂಡ್ ಬೇಕು. 2 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 240 ಕ್ಲಾಕ್ ಮಿಡಿತಗಳ ಕಾಲ. ಕಾಯುವುದು ನಿಜ, ಆದರೆ ಬೇರೆ ಕೆಲಸಕ್ಕೆ ಹೋಗಲಾಗದೆ ಕಾಯುವುದು. ಆದ್ದರಿಂದ ಅದು ‘ಬಿಡುವು’ ಅಲ್ಲ, ‘ಬಳಕೆ’.

ಮಂಡಿಯ ಸಾಹುಕಾರ ತಾನೇ ಲಾರಿಯ ಮುಂದೆ ನಿಂತು, ಬೊಗಸೆ ಬೊಗಸೆಯಾಗಿ ಜೋಳ ಇಳಿಸಿಕೊಂಡ ಹಾಗೆ ಇದು. ಸಾಹುಕಾರ ಎಷ್ಟೇ ಚುರುಕಾಗಿದ್ದರೂ ಲಾರಿಯವನು ಸುರಿಯುವ ವೇಗಕ್ಕೇ ಬೊಗಸೆ ತುಂಬುವುದು. ಹಾಗಾಗಿ ಪ್ರೊಸೆಸರ್ ಬದಲಿಸಿದರೂ ಪ್ರಯೋಜನವಿಲ್ಲ. ಡಿಎಂಎ (ಡೈರೆಕ್ಟ್ ಮೆಮೊರಿ ಆಕ್ಸೆಸ್) ಎಂದರೆ ಹಮಾಲರನ್ನು ಇಟ್ಟುಕೊಂಡಂತೆ. ‘ಇಷ್ಟು ಸೆಕ್ಟರ್‌ಗಳನ್ನು ಮೆಮೊರಿಯ ಇಂಥ ಜಾಗದಲ್ಲಿ ಇಡು’ ಎಂದು ಪ್ರೊಸೆಸರ್ ಕಂಟ್ರೋಲರ್‌ಗೆ ಹೇಳಿ ತನ್ನ ಕೆಲಸಕ್ಕೆ ಮರಳುತ್ತದೆ. ಮುಗಿದಾಗ ಒಂದು ಇಂಟರಪ್ಟ್ ಬರುತ್ತದೆ, ಅಷ್ಟೇ.

ಮೋಡ್ ಕೆಳಗಿಳಿದದ್ದು ಹೇಗೆ

ಡಿಎಂಎಯ ವೇಗದ ರೂಪವಾದ ಅಲ್ಟ್ರಾ ಡಿಎಂಎಯಲ್ಲಿ ಕೇಬಲ್ ಮೂಲಕ ಬಂದ ದತ್ತಾಂಶವನ್ನು ಸಿಆರ್‌ಸಿ ಎಂಬ ತಾಳೆ ಲೆಕ್ಕದಿಂದ ಪರೀಕ್ಷಿಸುತ್ತಾರೆ. ಸಿಆರ್‌ಸಿ ದೋಷ ಅಥವಾ ಟೈಮ್‌ಔಟ್ ಒಟ್ಟು ಆರು ಸಲ ಆದರೆ ಎಕ್ಸ್‌ಪಿ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ದೋಷಗಳು ನಿಲ್ಲದಿದ್ದರೆ ಇಳಿಯುತ್ತ ಇಳಿಯುತ್ತ ಪಿಐಒಗೆ ಬಂದು ನಿಲ್ಲುತ್ತದೆ. ಈ ನಿರ್ಧಾರ ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿಯುವುದರಿಂದ ರೀಸ್ಟಾರ್ಟ್ ಮಾಡಿದರೂ ಹೋಗುವುದಿಲ್ಲ.

ಆ ಚಾನೆಲನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿತು. ಮೋಡ್ ಅಲ್ಟ್ರಾ ಡಿಎಂಎ 5ಕ್ಕೆ ಏರಿತು. ಅದೇ ಫೋಲ್ಡರ್ ಅರ್ಧ ನಿಮಿಷದೊಳಗೆ ಕಾಪಿಯಾಯಿತು. ನಾಲ್ಕು ದಿನದ ಮೇಲೆ ಮತ್ತೆ ಪಿಐಒ!

ಆಗ ಕ್ಯಾಬಿನೆಟ್ ಬಿಚ್ಚಿದೆ. ರಿಬ್ಬನ್ ಕೇಬಲ್ 80 ತಂತಿಗಳದ್ದೇ ಆಗಿತ್ತು. ಇದರಲ್ಲಿ ಪಿನ್ 40 ಮಾತ್ರ. ಉಳಿದ ತಂತಿಗಳು ಗ್ರೌಂಡ್ ಆಗಿ ನಡುನಡುವೆ ಕುಳಿತು, ಒಂದರ ಸಂಕೇತ ಪಕ್ಕದ್ದಕ್ಕೆ ಹಾಯದಂತೆ ತಡೆಯುತ್ತವೆ. ಆದರೆ ಕಪ್ಪು ಕನೆಕ್ಟರಿನ ಬುಡದಲ್ಲಿ ಕೇಬಲನ್ನು ಕಾಗದದಂತೆ ಮಡಿಸಿ ತುರುಕಲಾಗಿತ್ತು. ಮಡಿಕೆಯ ಗೆರೆಯಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡಿತ್ತು, ಅಂಚಿನಲ್ಲಿ ತಾಮ್ರ ಇಣುಕುತ್ತಿತ್ತು. ಕೇಬಲ್ ಬದಲಿಸಿ, ಚಾನೆಲನ್ನು ಇನ್ನೊಮ್ಮೆ ಅನ್‌ಇನ್‌ಸ್ಟಾಲ್ ಮಾಡಿದೆ. ಎರಡೂ ಬೇಕು, ಕೇಬಲ್ ಮಾತ್ರ ಬದಲಿಸಿದರೆ ಹಳೆಯ ಮೋಡ್ ತಾನಾಗಿ ಏರುವುದಿಲ್ಲ. ಅಂದಿನಿಂದ ಮೋಡ್ 5 ಕದಲಿಲ್ಲ.

ಒಂದು ವಿಷಯ ತಡವಾಗಿ ಹೊಳೆಯಿತು, ವೇಗಕ್ಕಿಂತ ಅದೇ ಮುಖ್ಯ. ಪಿಐಒದಲ್ಲಿ ಸಿಆರ್‌ಸಿ ಪರೀಕ್ಷೆಯೇ ಇಲ್ಲ. ಕೆಟ್ಟ ಕೇಬಲಿನಲ್ಲಿ ಒಂದು ಬಿಟ್ ತಿರುಗಿದರೂ ಯಾರಿಗೂ ತಿಳಿಯುವುದಿಲ್ಲ. ಆ ಎರಡು ವಾರ ತೆಗೆದ ಬ್ಯಾಕಪ್‌ಗಳನ್ನೆಲ್ಲ ಅಳಿಸಿ ಮತ್ತೆ ತೆಗೆದೆ. ಎಫ್‌ಸಿ ಆಜ್ಞೆಗೆ ಬಿ ಸ್ವಿಚ್ ಕೊಟ್ಟು ಮೂಲ ಫೈಲ್‌ಗಳ ಜೊತೆ ಬೈಟ್ ಬೈಟ್ ಹೋಲಿಸಿದೆ. ಒಂದೂ ವ್ಯತ್ಯಾಸ ಕಾಣದಿದ್ದಾಗಲೇ ಚಿಕ್ಕಪ್ಪನಿಗೆ ಫೋನ್ ಮಾಡಿದ್ದು.