ಅಂಟುತ್ತಾ, ಬಿಡುತ್ತಾ? ಒಂದು ಯಂತ್ರಕ್ಕೆ ಹತ್ತು ಲ್ಯಾಬ್‌ಗಳ ಸರದಿ

ಹೊಸ ಔಷಧಿ ಹುಡುಕುವವರ ಮೊದಲ ಪ್ರಶ್ನೆ ಸರಳ. ಈ ಅಣು ಆ ಪ್ರೋಟೀನ್‌ಗೆ ಅಂಟುತ್ತಾ? ಅಂಟಿದರೆ ಎಷ್ಟು ಹೊತ್ತು ನಿಲ್ಲುತ್ತೆ? ಇದನ್ನು ಅಳೆಯುವ ಯಂತ್ರ ಮಾತ್ರ ಸರಳವೂ ಅಲ್ಲ, ಅಗ್ಗವೂ ಅಲ್ಲ.

ಇದರ ಬೇರು 1968ರಲ್ಲಿದೆ. ತೆಳು ಲೋಹದ ಪದರಕ್ಕೆ ಪ್ರಿಸಂ ಮೂಲಕ ಒಂದು ಕೋನದಲ್ಲಿ ಬೆಳಕು ಬಿಟ್ಟರೆ ಲೋಹದ ಎಲೆಕ್ಟ್ರಾನ್‌ಗಳು ಅದನ್ನು ಹೀರಿಕೊಳ್ಳುತ್ತವೆ ಅಂತ ಜರ್ಮನಿಯಲ್ಲಿ ಆಟೋ, ಕ್ರೆಚ್‌ಮನ್ ತೋರಿಸಿದರು. ಪದರದ ಮೇಲೆ ಏನಾದರೂ ಅಂಟಿದರೆ ಆ ಕೋನ ಸರಿಯುತ್ತೆ. 1983ರಲ್ಲಿ ಸ್ವೀಡನ್ನಿನ ಲಿಂಶೋಪಿಂಗ್‌ನವರು ಇದನ್ನು ಜೈವಿಕ ಅಣುಗಳಿಗೆ ಬಳಸಿದರು, 1990ರಲ್ಲಿ ಉಪ್ಸಾಲಾದ ಫಾರ್ಮೇಸಿಯಾ ಬಯೋಸೆನ್ಸರ್ ಕಂಪನಿ 'ಬಯಾಕೋರ್' ಅನ್ನೋ ಯಂತ್ರ ತಂದಿತು. ಚಿನ್ನದ ಚಿಪ್ ಮೇಲೆ ಪ್ರೋಟೀನ್ ಕೂರಿಸಿ, ಮೇಲೆ ಔಷಧಿಯ ದ್ರಾವಣ ಹರಿಸಿದರೆ ಅಂಟುವಾಗ ಗ್ರಾಫ್ ಏರುತ್ತೆ, ಬಿಡುವಾಗ ಇಳಿಯುತ್ತೆ. ಬಣ್ಣವನ್ನೋ ವಿಕಿರಣವನ್ನೋ ಅಣುವಿಗೆ ಅಂಟಿಸಬೇಕಿಲ್ಲ, ಅದೇ ದೊಡ್ಡ ಲಾಭ.

ದುಬಾರಿ ಯಂತ್ರ ಹಂಚಿಕೊಳ್ಳೋದು ನಮ್ಮಲ್ಲಿ ಹೊಸದೇನಲ್ಲ. 1970ರ ದಶಕದಲ್ಲೇ ಕೇಂದ್ರ ಸರ್ಕಾರ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ತೆರೆದಿತ್ತು, ಅವೇ ಮುಂದೆ ಸೈಫ್ (ಅತ್ಯಾಧುನಿಕ ವಿಶ್ಲೇಷಣಾ ಉಪಕರಣ ಕೇಂದ್ರಗಳು) ಆದವು. ಅಲ್ಲಿಗೆ ಸ್ಯಾಂಪಲ್ ಕಳಿಸಿದರೆ ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಸ್ಪೆಕ್ಟ್ರಮ್ ತೆಗೆದು ಕೊಡುತ್ತಿದ್ದರು. ಅಂಟಿಕೆಯ ಅಳತೆಗೆ ಆ ಪದ್ಧತಿ ಅಷ್ಟು ಒಗ್ಗಲ್ಲ. ಪ್ರೋಟೀನ್ ದಾರಿಯಲ್ಲೇ ಹಾಳಾಗಬಹುದು, ಯಾವ ಬಫರ್ (ಆಮ್ಲೀಯತೆ ಏರುಪೇರಾಗದಂತೆ ನೋಡಿಕೊಳ್ಳುವ ದ್ರಾವಣ), ಯಾವ ಚಿಪ್ ಅನ್ನೋದನ್ನೂ ಪ್ರತಿ ಸಲ ಹೊಸದಾಗಿ ನೋಡಬೇಕು.

2009ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನಲ್ಲಿ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಪಕ್ಕ ಸಿ-ಕ್ಯಾಂಪ್ ಅನ್ನೋ ಕೇಂದ್ರ ಶುರುವಾಯಿತು. ಹೊರಗಿನ ಸಂಶೋಧಕರು, ಸ್ಟಾರ್ಟಪ್‌ನವರು ಶುಲ್ಕ ಕಟ್ಟಿ ದುಬಾರಿ ಯಂತ್ರ ಬಳಸುವ ದಾರಿ ತೆರೆಯಿತು. 2020ರ ಜನವರಿಯಲ್ಲಿ, ಅದೇ ಜಿಕೆವಿಕೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಐ-ಸ್ಟೆಮ್ ಪೋರ್ಟಲ್ ಉದ್ಘಾಟನೆ ಆಯಿತು: ಯಾವ ಯಂತ್ರ ಎಲ್ಲಿದೆ ನೋಡು, ಸ್ಲಾಟ್ ಬುಕ್ ಮಾಡು.

ಒಳ್ಳೇದೇ. ಆದರೆ ನನ್ನ ಪ್ರಕಾರ ನಿಜವಾದ ಕೊರತೆ ಯಂತ್ರದ್ದಲ್ಲ, ಅದನ್ನು ನಡೆಸುವವರದ್ದು. ಯಾರೋ ಒಬ್ಬರು ಗಟ್ಟಿಕಟ್ಟಿದ ಪ್ರೋಟೀನ್ ಹರಿಸಿದರೆ ಕೂದಲೆಳೆಯಂಥ ಕೊಳವೆ ಕಟ್ಟಿಕೊಂಡು ಮುಂದಿನವರ ಸ್ಲಾಟೂ ಹೋಯ್ತು ಅಂತಲೇ ಲೆಕ್ಕ. ಹರಿಯುವ ಬಫರ್, ಔಷಧಿಯ ದ್ರಾವಣ ಇವೆರಡರಲ್ಲಿ ಡಿಎಂಎಸ್‌ಒ (ಔಷಧಿ ಕರಗಿಸುವ ದ್ರಾವಕ) ಪ್ರಮಾಣ ಚೂರು ಹೆಚ್ಚುಕಡಿಮೆ ಆದರೂ ಗ್ರಾಫ್ ಸುಮ್ನೆ ಜಿಗಿಯುತ್ತೆ, ಹೊಸಬರು ಅದನ್ನೇ ಔಷಧಿ ಅಂಟಿತು ಅಂದುಕೊಳ್ಳುತ್ತಾರೆ. ಇದನ್ನು ಹಿಡಿಯೋದು ಪಳಗಿದ ಆಪರೇಟರ್. ಯಂತ್ರ ಕೊಳ್ಳೋಕೆ ಅನುದಾನ ಬರುತ್ತೆ, ಅವರ ಸಂಬಳ ಮತ್ತು ವರ್ಷವರ್ಷದ ಎಎಂಸಿ (ನಿರ್ವಹಣೆ ಒಪ್ಪಂದದ ಖರ್ಚು) ಯಾರ ಲೆಕ್ಕಕ್ಕೆ ಅನ್ನೋದು ಆಮೇಲಿನ ಜಗಳ. ಹಾಗಾಗಿ ಬುಕ್ ಮಾಡುವ ಮುಂಚೆ ಆಪರೇಟರ್‌ಗೆ ಒಂದು ಫೋನ್ ಮಾಡಿ, ನಿಮ್ಮ ಬಫರ್‌ನಲ್ಲಿ ಏನೇನಿದೆ ಅಂತ ಹೇಳಿಬಿಡಿ.